ಧರ್ಮ ಓದಿದರೆ ಪುರೋಹಿತರೇ ಆಗಬೇಕಾ? ಸತ್ಯಾಂಶ

"ಕಾಲೇಜಿನಲ್ಲಿ ಧರ್ಮವನ್ನು ಮುಖ್ಯ ವಿಷಯವಾಗಿ ತಗೊಂಡರೆ ಪುರೋಹಿತರೋ ಪಾದ್ರಿಯೋ ಆಗಬೇಕು, ನಂಬಿಕೆ ಇಲ್ಲದವರಿಗೆ ಸೀಟಿಲ್ಲ" ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಪುರೋಹಿತರನ್ನು ತಯಾರು ಮಾಡುವ ಶಾಲೆಗಳು ಬೇರೆಯೇ ಇವೆ. ಧರ್ಮ ಅಧ್ಯಯನ ಹಾಗಲ್ಲ. ಇಲ್ಲಿ ಯಾವ ಧರ್ಮವನ್ನೂ ಬೋಧಿಸುವುದಿಲ್ಲ, ಧರ್ಮಗಳ ಬಗ್ಗೆ ಕಲಿಸುತ್ತಾರೆ. ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ 1870ರಲ್ಲೇ ಲಂಡನ್ನಿನಲ್ಲಿ ಈ ಬಗೆಯ ಓದಿನ ಕುರಿತು ಉಪನ್ಯಾಸ ಕೊಟ್ಟಿದ್ದರು. 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸರ್ಕಾರಿ ಶಾಲೆಗಳಲ್ಲಿ ಬೈಬಲ್ ಪಠಣ ಮಾಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಧರ್ಮದ ಬಗ್ಗೆ ನಿಷ್ಪಕ್ಷವಾಗಿ ಓದುವುದಕ್ಕೆ ಮಾತ್ರ ತಡೆಯಿಲ್ಲ ಎಂದೂ ಹೇಳಿತು.

ತರಗತಿ ಹೇಗಿರುತ್ತದೆ? ಪ್ರಳಯದ ಕಥೆಯನ್ನೇ ತಗೊಳ್ಳಿ. ಮೆಸೊಪೊಟೇಮಿಯಾದ (ಈಗಿನ ಇರಾಕ್) ಹಳೆಯ ಕಾವ್ಯ ಗಿಲ್ಗಮೆಶ್‌ನಲ್ಲಿ ನೀರು ಇಳಿದಿದೆಯಾ ಎಂದು ನೋಡಲು ಪಾರಿವಾಳ, ಅಂಬರಗುಬ್ಬಿ (ಸ್ವಾಲೋ ಹಕ್ಕಿ), ಕಾಗೆ ಹಾರಿಬಿಡುತ್ತಾರೆ. ಬೈಬಲ್ಲಿನ ನೋಹ ಮೊದಲು ಕಾಗೆ, ಆಮೇಲೆ ಪಾರಿವಾಳ ಬಿಡುತ್ತಾನೆ. ವೈದಿಕ ಗ್ರಂಥವಾದ ಶತಪಥ ಬ್ರಾಹ್ಮಣದಲ್ಲಿ ಮನುವಿಗೆ ಮುನ್ನೆಚ್ಚರಿಕೆ ಕೊಡುವುದು ಒಂದು ಮೀನು. ಯಾವ ಕಥೆ ಹಳೆಯದು, ಯಾರು ಯಾರಿಂದ ಕೇಳಿದರು, ಬದಲಾಗಿದ್ದು ಏಕೆ? ಇದಕ್ಕೆ ಇತಿಹಾಸ ಬೇಕು, ಹಳೆಯ ಭಾಷೆ ಬೇಕು, ತಾಳ್ಮೆ ಅಂತೂ ಜಾಸ್ತಿಯೇ ಬೇಕು. ನನಗೆ ಬಹಳ ಇಷ್ಟವಾಗುವ ಭಾಗ ಇದೇ.

ಭಕ್ತರೂ ಓದುತ್ತಾರೆ, ನಾಸ್ತಿಕರೂ ಓದುತ್ತಾರೆ. ಪರೀಕ್ಷೆಯಲ್ಲಿ ಅಂಕ ಸಿಗುವುದು ವಾದಕ್ಕೆ, ಆಧಾರಕ್ಕೆ. ಮುಂದೆ ಪತ್ರಿಕೋದ್ಯಮ, ಕಾನೂನು, ಮ್ಯೂಸಿಯಂ, ಶಿಕ್ಷಕ ವೃತ್ತಿಗೂ ಹೋಗಬಹುದು.