ಟೈರ್ ದಪ್ಪ ಮಾಡಿಸುವ ಮುಂಚೆ

ನಾನಿರುವ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕಾರಿಗೆ ಬೇರೆ ಸೈಜಿನ ಟೈರ್ ಹಾಕಿಸಬೇಕೆಂದರೆ ಮೊದಲು ಕಾಗದ ಹುಡುಕಬೇಕು. ಗಾಡಿಯ ನೋಂದಣಿ ಪತ್ರದಲ್ಲೇ ಟೈರ್ ಸೈಜ್ ಬರೆದಿರುತ್ತದೆ. ಕಂಪನಿ ಒಪ್ಪಿದ ಬೇರೆ ಸೈಜುಗಳು ಇನ್ನೊಂದು ದಾಖಲೆಯಲ್ಲಿರುತ್ತವೆ. ಎರಡರಲ್ಲೂ ಇಲ್ಲದ್ದು ಬೇಕಾದರೆ ಟ್ಯೂಫ್ ಅಥವಾ ಡೆಕ್ರಾದಂಥ ತಪಾಸಣಾ ಸಂಸ್ಥೆಗೆ ಕಾರು ಒಯ್ಯಬೇಕು. ಎಂಜಿನಿಯರ್ ನೋಡಿ ಒಪ್ಪಬೇಕು. ಹಾಗೆ ಮಾಡದೆ ಓಡಿಸಿದರೆ ಕಾರು ರಸ್ತೆಗಿಳಿಯುವ ಅನುಮತಿಯೇ ಹೋಗಬಹುದು.

ಬೆಂಗಳೂರಿನ ಜೆ.ಸಿ. ರಸ್ತೆಯ ಟೈರ್ ಅಂಗಡಿಗಳಲ್ಲಿ ಇದೇ ಕೆಲಸ ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ. "ಒಂದು ಸೈಜ್ ಜಾಸ್ತಿ ಹಾಕ್ಸಿ ಸಾರ್, ಲುಕ್ಕೂ ಬರುತ್ತೆ, ಗ್ರಿಪ್ಪೂ ಸಿಗುತ್ತೆ" ಅನ್ನುತ್ತಾರೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಟೈರ್ ಎಲ್ಲೂ ಉಜ್ಜುತ್ತಿಲ್ಲ ಅಂತ ನೋಡಿದರೆ ಆಯಿತು. ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟಿದ್ದನ್ನು ಸುಮ್ಮನೆ ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಟೈರ್ ಅಂಗಡಿಯಲ್ಲಿ ಅದನ್ನು ಯಾರು ಕೇಳುತ್ತಾರೆ ಬಿಡಿ.

ಹಳೆಯ ಸಾದಾ ಕಾರಾದರೆ ನಾನು ಜೆ.ಸಿ. ರಸ್ತೆಯವರ ಜೊತೆ ಜಗಳಕ್ಕೆ ಹೋಗುವುದಿಲ್ಲ. ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಕಾರು ಜಾರದಂತೆ ತಾನೇ ನೋಡಿಕೊಳ್ಳುವ ಕಂಪ್ಯೂಟರ್ ವ್ಯವಸ್ಥೆ, ಇರುವ ಸ್ಪೋರ್ಟ್ಸ್ ಕಾರಿನ ಮಾತು ಬಂದರೆ ನನ್ನ ಓಟು ಜರ್ಮನ್ನರಿಗೆ.

ಈ ಸ್ಟೆಬಿಲಿಟಿ ಕಂಟ್ರೋಲ್ ಟೈರನ್ನು ನೋಡುವುದಿಲ್ಲ. ಚಕ್ರ ಎಷ್ಟು ಸಲ ಸುತ್ತಿತು ಎಂದು ಎಣಿಸುತ್ತದೆ, ಅಷ್ಟೇ. ಒಂದು ಸುತ್ತಿಗೆ ಕಾರು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಕಂಪನಿಯವರು ಮೊದಲೇ ಅದರ ತಲೆಗೆ ತುಂಬಿರುತ್ತಾರೆ. ಸ್ಟೀರಿಂಗ್ ಎಷ್ಟು ತಿರುಗಿದೆ, ಕಾರು ನಿಜಕ್ಕೂ ಎಷ್ಟು ತಿರುಗುತ್ತಿದೆ ಎಂಬುದರ ಜೊತೆ ಈ ಲೆಕ್ಕ ಸೇರಿಸಿ, ಯಾವ ಚಕ್ರಕ್ಕೆ ಬ್ರೇಕ್ ಹಾಕಬೇಕು, ಎಂಜಿನ್ ಯಾವಾಗ ತಗ್ಗಿಸಬೇಕು ಅಂತ ತೀರ್ಮಾನ ಮಾಡುತ್ತದೆ. ಟೇಪೇ ಹಿಗ್ಗಿದ್ದರೆ ಟೈಲರ್ ಎಷ್ಟು ಜಾಣನಾದರೇನು?

ಹಳೆಯ 987 ಮಾದರಿಯ ಪೋರ್ಷೆ ಬಾಕ್ಸ್‌ಟರ್ ಎಸ್ ತಗೊಳ್ಳಿ. 18 ಇಂಚಿನ ಚಕ್ರಕ್ಕೆ ಮುಂದೆ 235/40, ಹಿಂದೆ 265/40. ಮೊದಲ ಸಂಖ್ಯೆ ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ. ಎರಡನೆಯದು ಪಕ್ಕದ ಗೋಡೆ ಆ ಅಗಲದ ಶೇಕಡಾ ಎಷ್ಟು ಎಂಬುದು. ಲೆಕ್ಕ ಹಾಕಿದರೆ ಮುಂದಿನ ಟೈರಿನ ಒಟ್ಟು ಎತ್ತರ (ವ್ಯಾಸ) 645 ಮಿ.ಮೀ., ಹಿಂದಿನದು 669. ಅದೇ ಕಾರಿಗೆ ಕಂಪನಿಯೇ ಕೊಡುತ್ತಿದ್ದ 19 ಇಂಚಿನಲ್ಲಿ 235/35 ಮತ್ತು 265/35. ಎತ್ತರ 647 ಮತ್ತು 668. ಚಕ್ರ ಒಂದಿಂಚು ದೊಡ್ಡದಾದರೂ ಟೈರಿನ ಎತ್ತರ ಒಂದೆರಡು ಮಿ.ಮೀ. ಅಷ್ಟೇ ಆಚೀಚೆ. ಕಂಪನಿಯವರು ಎಷ್ಟು ಹುಷಾರಾಗಿದ್ದಾರೆ ನೋಡಿ.

"ಎತ್ತರದ ವ್ಯತ್ಯಾಸ ಮೂರು ಪರ್ಸೆಂಟ್ ಒಳಗಿದ್ದರೆ ಏನೂ ಆಗಲ್ಲ" ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಸ್ಪೀಡೋಮೀಟರ್ ಮಟ್ಟಿಗೆ ಅದು ಸರಿ ಇರಬಹುದು. ಇಲ್ಲಿ ಮುಖ್ಯವಾದದ್ದು ಮುಂದಿನ ಮತ್ತು ಹಿಂದಿನ ಟೈರಿನ ನಡುವಿನ ಲೆಕ್ಕ. ಮುಂದೆ ಹಿಡಿತ ಸಾಲದು ಅಂತ ಒಬ್ಬರು ಅಲ್ಲಿ 245/40 ಹಾಕಿಸಿದರು ಅಂತಿಟ್ಟುಕೊಳ್ಳಿ. ಮುಂದಿನದು ಶೇ. 1.2 ದೊಡ್ಡದಾಯಿತು. ಎಂಜಿನ್ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ, ಹಾಗಾಗಿ ಬೇಗ ಸವೆಯುವುದೂ ಅದೇ. ತುಳಿಪಟ್ಟಿ, ಅಂದರೆ ಟೈರಿನ ಮೇಲಿನ ಗೀರುಗಳ ಆಳ, 7 ಮಿ.ಮೀ.ಯಿಂದ ಜರ್ಮನಿಯ ಕಾನೂನಿನ ಮಿತಿ 1.6ಕ್ಕೆ ಬಂದರೆ ಎತ್ತರದಲ್ಲಿ ಸುಮಾರು 11 ಮಿ.ಮೀ. ಹೋಯಿತು, ಅಂದರೆ ಶೇ. 1.6. ಎರಡೂ ಒಂದೇ ದಿಕ್ಕಿಗೆ ಕೂಡುತ್ತವೆ. ಮುಂದಿನದಕ್ಕೆ ಹೋಲಿಸಿದರೆ ಹಿಂದಿನ ಚಕ್ರ ಇರಬೇಕಾದ್ದಕ್ಕಿಂತ ಹತ್ತಿರ ಹತ್ತಿರ ಶೇ. 3 ಜಾಸ್ತಿ ಸುತ್ತುತ್ತದೆ. ಚಕ್ರ ಜಾರುತ್ತಿದೆ ಅಂತ ಕಂಪ್ಯೂಟರಿಗೆ ಅನಿಸಿದರೆ ತಪ್ಪು ಅದರದ್ದಾ? ಸಣ್ಣಪುಟ್ಟ ವ್ಯತ್ಯಾಸವನ್ನು ಅದು ಸಹಿಸಿಕೊಳ್ಳುತ್ತದೆ, ನಿಜ. ಆದರೆ ಆ ಸಡಿಲ ಬಿಟ್ಟಿರುವುದು ಸವೆತಕ್ಕೆ, ನಮ್ಮ ಶೋಕಿಗಲ್ಲ.

ಇನ್ನು ಹಿಡಿತದ ವಿಷಯ. ಎಂಜಿನ್ ನಡುವೆ ಇರುವ ಇಂಥ ಕಾರಿಗೆ ಮುಂದೆ ಸಣ್ಣ ಟೈರ್ ಕೊಟ್ಟಿರುವುದು ಬೇಕಂತಲೇ. ತಿರುವಿನಲ್ಲಿ ಮಿತಿ ಮೀರಿದರೆ ಮೊದಲು ಮೂತಿ ಜಾರಲಿ, ಬಾಲ ಬೇಡ ಅಂತ. ಮುಂದೆ ದಪ್ಪ ಮಾಡಿದರೆ ಆ ಲೆಕ್ಕವೂ ತಲೆಕೆಳಗು.

ಹಾಗಂತ ಜರ್ಮನ್ನರ ಕಾಗದವೇ ವೇದ ಅಲ್ಲ. ಸೈಜ್ ಸರಿಯಿದ್ದು ತುಳಿಪಟ್ಟಿ ಮಿತಿಯೊಳಗಿದ್ದರೆ, ಮುಂದೆ ಹೊಸ ಟೈರ್, ಹಿಂದೆ ಸವೆದ ಟೈರ್ ಹಾಕಿಕೊಂಡು ಓಡಾಡಲು ಅಡ್ಡಿಯಿಲ್ಲ. ಮಳೆಯಲ್ಲಿ ಅದು ಎಷ್ಟು ಅಪಾಯ! ಮತ್ತೆ, ಕಾಗದ 19 ಇಂಚಿಗೂ ಹೂಂ ಅನ್ನುತ್ತದೆ. ಅದೇ ಕಾರನ್ನು ಬೆಂಗಳೂರಿನಲ್ಲಿ ಓಡಿಸುವುದಾದರೆ ನಾನು 18ನ್ನೇ ಇಟ್ಟುಕೊಳ್ಳುತ್ತೇನೆ. ಮುಂದಿನ ಟೈರಿನ ಪಕ್ಕದ ಗೋಡೆ 18ರಲ್ಲಿ 94 ಮಿ.ಮೀ., 19ರಲ್ಲಿ 82. ಗುಂಡಿಗೆ ಬಿದ್ದಾಗ ರಿಮ್ ಉಳಿಸುವುದು ಆ ಹನ್ನೆರಡು ಮಿ.ಮೀ. ಇದನ್ನು ಟ್ಯೂಫ್ ಎಂಜಿನಿಯರ್ ಹೇಳುವುದಿಲ್ಲ, ದಿನಾ ಬೆಂಡ್ ತೆಗೆಯುವ ಜೆ.ಸಿ. ರಸ್ತೆಯವರು ಕೇಳದೆಯೇ ಹೇಳುತ್ತಾರೆ. ಅವರು ಟೈರ್ ಕಳಚುವ ಮುಂಚೆ ಕಾರಿನಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಇದೆಯಾ ಅಂತ ಒಂದು ಮಾತು ಕೇಳಿ, ಮುಂದಿನ ಹಿಂದಿನ ಎತ್ತರ ಹೋಲಿಸಿ ನೋಡಿದರೆ ಸಾಕು. ಅದಕ್ಕೆ ಕ್ಯಾಲ್ಕುಲೇಟರ್ ಇರುವ ಫೋನ್ ಅವರ ಜೇಬಿನಲ್ಲೇ ಇದೆ.