ಚುರುಮುರಿ ಮೆತ್ತಗಾಗುವ ಮುಂಚೆ

ಮೇ ಕೊನೆಯ ಭಾನುವಾರ ಮಾಂಡೋವಿ ಹೊಳೆಯ ದಿವಾರ್ ದ್ವೀಪಕ್ಕೆ ಪಿಕ್ನಿಕ್ ಹೋಗೋಣ ಎಂದು ಗೋವಾದ ಕನ್ನಡಿಗರ ಗುಂಪಿನಲ್ಲಿ ಯಾರಾದರೂ ಬಾಯಿ ಬಿಟ್ಟರೆ ಸಾಕು, ಉಳಿದವರೆಲ್ಲ ಮೊಬೈಲ್ ಹಿಡಿದು ಪಂಚಾಂಗ ಹೇಳಲು ಕೂರುತ್ತಾರೆ. "40 ಪರ್ಸೆಂಟ್ ಮಳಿ ಅಂತ ತೋರಸಾಕತ್ತೈತ್ರಿ." "ನಂದ್ರಾಗ ಬರೇ ಬಿಸಲ ಐತಿ ನೋಡ್ರಿ." ಗೋವಾಕ್ಕೆ ಮುಂಗಾರು ಕಾಲಿಡುವುದು ಸಾಮಾನ್ಯವಾಗಿ ಜೂನ್ ಮೊದಲ ವಾರದ ಹೊತ್ತಿಗೆ. ಅದಕ್ಕೂ ಮುಂಚಿನ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನ ಇಳಿದ ಮೇಲೆ ಘಟ್ಟದ ಕಡೆಯಿಂದ ಬರುತ್ತದೆ. ಪೂರ್ವಕ್ಕೊಮ್ಮೆ ಕತ್ತೆತ್ತಿ ನೋಡಿದರೆ ಮುಗಿಯಿತು. ಬೆಳಗ್ಗೆ 7ಕ್ಕೆ ಫೆರಿ ಹತ್ತಿದವರಿಗೆ ಅದೂ ಬೇಡ. ಆದರೆ ಸಂಘದವರ 7 ಗಂಟೆ ಹೊಡೆಯುವುದೇ ಹತ್ತೂವರೆಗೆ.

ಓಲ್ಡ್ ಗೋವಾದ ವೈಸರಾಯ್ ಕಮಾನು ದಾಟಿದರೆ ಫೆರಿ ಕಟ್ಟೆ. ನೀರಿನ ಇಳಿತವಿದ್ದಾಗ ಇಳಿಜಾರಿನ ಕೆಳತುದಿಯ ಪಾಚಿ ಬಯಲಾಗುತ್ತದೆ. ಅಲ್ಲಿ ಸ್ಕೂಟರಿನ ಮುಂದಿನ ಬ್ರೇಕ್ ಹಿಡಿದಿರೋ, ಚಕ್ರ ಜಾರಿತು. ಖಾನಾಪುರದ ಕಾಡಿನಿಂದ ಇಳಿದು ಬಂದ ಮಹದಾಯಿಯೇ ಇಲ್ಲಿ ಮಾಂಡೋವಿ. (ಆ ನೀರಿನ ವ್ಯಾಜ್ಯವನ್ನು ಫೆರಿಯ ಮೇಲೆ ಎತ್ತದಿರುವುದು ಕ್ಷೇಮ.) ಆಚೆ ದಡದಲ್ಲಿ ಗದ್ದೆಗಳ ನಡುವಿನ ಬಯಲು ರಸ್ತೆ. ಗುಡುಗು ಕೇಳಿದರೆ ಮರ ಹುಡುಕದೆ ನೇರ ಊರೊಳಗೆ ಸೇರಿಕೊಳ್ಳಬೇಕು.

ಇಷ್ಟೆಲ್ಲ ಚರ್ಚಿಸುವ ಮಹನೀಯರು ಬುತ್ತಿಯ ಗಿರ್ಮಿಟ್‌ನ, ಅಂದರೆ ಗೊಜ್ಜು ಕಲಸಿದ ಚುರುಮುರಿಯ, ಗತಿಯೇನು ಎಂದು ಮಾತ್ರ ಕೇಳುವುದಿಲ್ಲ. ಚುರುಮುರಿಗೆ ತೇವ ಕಂಡರೆ ಸಾಕು, ಹೀರಿಕೊಂಡು ರಬ್ಬರ್ ಆಗುತ್ತದೆ. ಧಾರವಾಡದ ಒಣ ಬೇಸಿಗೆಯಲ್ಲಿ ನಡೆಯುವ ಉಡಾಫೆ ಈ ಕರಾವಳಿಯಲ್ಲಿ ನಡೆಯುವುದಿಲ್ಲ. ಹತ್ತು ಜನರಿಗೆ ಅರ್ಧ ಕಿಲೋ ಚುರುಮುರಿ ಸಾಕು. ಹಿಂದಿನ ರಾತ್ರಿ ಒಣ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಸ್ವಲ್ಪ ಸ್ವಲ್ಪವೇ 4-5 ನಿಮಿಷ ಬೆಚ್ಚಗೆ ಮಾಡಿ. ಪೂರ್ತಿ ಆರಿದ ಮೇಲೆಯೇ ಸ್ಟೀಲ್ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಒಳಗೆ ಬೆವರಿ, ಪಟ್ಟ ಪಾಡೆಲ್ಲ ನೀರುಪಾಲು. ಗೊಜ್ಜಿಗೆ ನಾಲ್ಕು ಈರುಳ್ಳಿ, ಹಸಿಮೆಣಸಿನಕಾಯಿ, ಹುಣಸೆರಸ, ಚೂರು ಬೆಲ್ಲ. ನೀರಿನಂಶ ಆರಿ ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಬಾಡಿಸಬೇಕು, ಏಕೆಂದರೆ ತೆಳು ಗೊಜ್ಜು ಮಳೆಗಿಂತ ಬೇಗ ಚುರುಮುರಿಯನ್ನು ಕೊಲ್ಲುತ್ತದೆ. ಪುಟಾಣಿ ಹಿಟ್ಟು 100 ಗ್ರಾಂ, ಬೇರೆ ಡಬ್ಬಿಯಲ್ಲಿ. ಹಸಿ ಈರುಳ್ಳಿ, ಕೊತ್ತಂಬರಿ ಅಲ್ಲೇ ಹೆಚ್ಚಿ. ಕಲಸುವುದು ಒಂದು ಸಲಕ್ಕೆ ನಾಲ್ಕು ತಟ್ಟೆಯಷ್ಟೇ. ತಿನ್ನುವವರು ಎದುರಿಗೆ ಕೂತ ಮೇಲೆ ಕಲಸಬೇಕು, ಸೆಲ್ಫಿ ತೆಗೆಯುತ್ತ ನಿಂತವರಿಗಾಗಿ ಅಲ್ಲ.

ಎಲ್ಲವನ್ನೂ ಮನೆಯಲ್ಲೇ ಕಲಸಿ ಬಕೆಟ್ಟಿನಲ್ಲಿ ತರುವ ಉತ್ಸಾಹಿಯೊಬ್ಬರು ಪ್ರತಿ ಸಂಘದಲ್ಲೂ ಇರುತ್ತಾರೆ. ಅವರಿಗೆ ಮುಂದಿನ ಸಲ ಜಮಖಾನೆ ಹೊರುವ ಕೆಲಸ ಕೊಡಿ. ಇನ್ನು, ಮೋಡ ಕವಿದೊಡನೆ "ಮಿರ್ಚಿ ಭಜಿ ಎಲ್ಲೈತ್ರಿ?" ಅನ್ನುವವರು. ಹೊಳೆಗಾಳಿಗೆ ಸ್ಟವ್‌ನ ಉರಿ ನಿಲ್ಲದು, ಎಣ್ಣೆ ಕಾಯದು, ಅರೆಕಾದ ಎಣ್ಣೆಯನ್ನು ಹಿಟ್ಟು ಕುಡಿಯುತ್ತದೆ. ಅಂಥವರಿಗೆ ಹಸಿಮೆಣಸಿನಕಾಯಿ, ಉಪ್ಪು ಎರಡೂ ಚೀಲದಲ್ಲಿವೆ. ಅದ್ದಿಕೊಂಡು ಕಚ್ಚಲಿ.