ಹಪ್ಪಳಕ್ಕೆ ಬ್ಯಾಟರಿ ಬೇಕೆ?

ನಮ್ಮ ಚಿಕ್ಕಮ್ಮನ ಹಳ್ಳಿ ಸಾಗರದ ಹತ್ತಿರ. ಹಲಸಿನಕಾಯಿ ಹಪ್ಪಳದಲ್ಲಿ ಅವಳದು ಎತ್ತಿದ ಕೈ. ಬೇಸಿಗೆ ಬಂತೆಂದರೆ ತೊಳೆ ಬಿಡಿಸಿ, ಬೇಯಿಸಿ, ಉಪ್ಪು ಖಾರ ಜೀರಿಗೆ ಹಾಕಿ ರುಬ್ಬಿ, ಒತ್ತಿ, ಚಾಪೆಯ ಮೇಲೆ ಹರವಿ, ಕೋಲು ಹಿಡಿದು ಕೂರುತ್ತಾಳೆ. ಇಷ್ಟು ವರ್ಷ ಅವಳ ವ್ಯಾಪಾರಕ್ಕೆ ಇದ್ದ ಶತ್ರು ಕಾಗೆ ಮಾತ್ರ. ಕಾಗೆ ಪಾಪ, ಒಂದು ಹಪ್ಪಳ ಎತ್ತಿಕೊಂಡು ಹೋಗುತ್ತಿತ್ತು. ಎತ್ತಿಕೊಂಡು ಹೋದದ್ದಕ್ಕೆ ಕೂಲಿ ಕೇಳುತ್ತಿರಲಿಲ್ಲ.

ಹೋದ ವರ್ಷ ನಾನು ಸುಮ್ನಿರಲಾರದೆ ಇರುವೆ ಬಿಟ್ಟುಕೊಂಡೆ. "ಚಿಕ್ಕಮ್ಮ, ಇದನ್ನು ಆನ್‌ಲೈನಲ್ಲಿ ಮಾರೋಣ. ಡೆಲ್ಲಿಯವರೂ ತಿಂತಾರೆ" ಅಂದೆ. ಒಂದು ದೊಡ್ಡ ತಾಣದ ಜಾಹೀರಾತು ನೋಡಿದ್ದೆ. ಹಳ್ಳಿಯ ಹೆಂಗಸು ನಗುತ್ತಾ ಮೊಬೈಲ್ ಒತ್ತುತ್ತಾಳೆ, ಅಂಗಳಕ್ಕೆ ವ್ಯಾನು ಬರುತ್ತದೆ. ನಡುವೆ ಏನಾಗುತ್ತದೆ ಎಂದು ಅದರಲ್ಲಿ ತೋರಿಸಿರಲಿಲ್ಲ.

ನಡುವೆ ಫಾರಂ ಇರುತ್ತದೆ. ಬ್ರ್ಯಾಂಡ್ ಹೆಸರು? "ಹಪ್ಪಳ ಅಂತ ಬರಿ." ಬಣ್ಣ? "ಹಪ್ಪಳದ ಬಣ್ಣ." ತಯಾರಾದ ದೇಶ? ಅದನ್ನು ಹೇಳಲೇಬೇಕು, 2020ರ ಇ-ಕಾಮರ್ಸ್ ನಿಯಮದಲ್ಲೇ ಇದೆ. ಭಾರತ ಅಂತ ಒತ್ತಿದೆ. ಆಮೇಲೆ ಕೆಂಪು ನಕ್ಷತ್ರ ಹಾಕಿದ ಪ್ರಶ್ನೆ ಬಂತು: ಈ ವಸ್ತುವಿಗೆ ಬ್ಯಾಟರಿ ಬೇಕೆ?

ಚಿಕ್ಕಮ್ಮ ನಿಜಕ್ಕೂ ಯೋಚಿಸಿದಳು. "ಬಾಣಲೆ ಬೇಕು, ಎಣ್ಣೆ ಬೇಕು. ಬ್ಯಾಟರಿ ಯಾಕೋ?" ಉತ್ತರ ಕೊಡದೆ ಮುಂದಿನ ಪುಟ ತೆರೆಯುವುದಿಲ್ಲ. ಬೇಡ ಅಂದೆ. ಇದು ಅಪಾಯಕಾರಿ ವಸ್ತುವೇ ಎಂದು ಕೇಳಿತು. "ಬಿಪಿ ಇದ್ದವರಿಗೆ ಹೌದು ಅಂತ ಹಾಕು" ಅಂದಳು. ಹಾಕಲಿಲ್ಲ. ಹಾಕಿದ್ದರೆ ಸ್ಫೋಟಕಗಳ ಸಾಲಿಗೆ ಸೇರಿಸುತ್ತಿದ್ದರೋ ಏನೋ.

ಫೋಟೊದ ಹಿಂದೆ ಅಚ್ಚ ಬಿಳಿ ಇರಬೇಕಂತೆ. ಚೌಕಟ್ಟಿನ ನೂರಕ್ಕೆ 85 ಭಾಗ ಹಪ್ಪಳವೇ ತುಂಬಿರಬೇಕಂತೆ. ಬಾಳೆ ಎಲೆಯ ಮೇಲಿಟ್ಟು ತೆಗೆದ ಫೋಟೊ ಬಿದ್ದುಹೋಯಿತು. ಕೊನೆಗೆ ಚಿಕ್ಕಪ್ಪನ ಪಂಚೆಯನ್ನು ಗೋಡೆಗೆ ಕಟ್ಟಿ ತೆಗೆದೆವು. ಅದು ಪಾಸಾಯಿತು. ಅಷ್ಟು ಹೊತ್ತು ಚಿಕ್ಕಪ್ಪ ಒಳಗೇ ಕೂತಿದ್ದರು.

ಇನ್ನು ತೆರಿಗೆ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. 2021ರಲ್ಲಿ ಒಬ್ಬ ದೊಡ್ಡ ಉದ್ಯಮಿ, ದುಂಡು ಹಪ್ಪಳಕ್ಕೆ ತೆರಿಗೆ ಇಲ್ಲ, ಚೌಕ ಹಪ್ಪಳಕ್ಕೆ ಇದೆ, ಇದೇನು ಲೆಕ್ಕ ಎಂದು ಟ್ವಿಟರ್‌ನಲ್ಲಿ ಕೇಳಿದ್ದರು. ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ಗಂಭೀರವಾಗಿಯೇ ಉತ್ತರ ಕೊಟ್ಟಿತು: ಹೆಸರು ಏನೇ ಇರಲಿ, ಆಕಾರ ಏನೇ ಇರಲಿ, ಹಪ್ಪಳಕ್ಕೆ ತೆರಿಗೆ ಇಲ್ಲ. ತಿನ್ನಲು ಬಡಿಸಿದರೆ ಮಾತ್ರ ಈ ವಿನಾಯಿತಿ ಇಲ್ಲ. ಚಿಕ್ಕಮ್ಮನ ಹಪ್ಪಳ ಪೂರ್ತಿ ದುಂಡಗೂ ಇರುವುದಿಲ್ಲ, ಚೌಕವೂ ಅಲ್ಲ. ನಮಗೆ ಈ ತೀರ್ಪಿನಿಂದ ದೊಡ್ಡ ಸಮಾಧಾನವಾಯಿತು.

ಆದರೆ ಹಪ್ಪಳದ ಪಕ್ಕ ಮಿಡಿ ಉಪ್ಪಿನಕಾಯಿ ಇತ್ತು. ಅದಕ್ಕೆ ತೆರಿಗೆ ಇದೆ. ಆ ಜಾಡಿ ಸಾಗರದ ಅಂಗಡಿಯಲ್ಲೇ ಕೂತಿದ್ದರೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಬೇಡ. 2023ರ ಅಕ್ಟೋಬರ್‌ನಿಂದ ರಾಜ್ಯದ ಒಳಗೆ ಆನ್‌ಲೈನಲ್ಲಿ ಮಾರುವ ಸಣ್ಣವರಿಗೂ ಬೇಡ. ಅದೇ ಜಾಡಿ ಮುಂಬೈಗೆ ಹೊರಟರೆ ಮೊದಲ ರೂಪಾಯಿಯಿಂದಲೇ ಬೇಕು. ನೋಂದಣಿ ಮಾಡಿಸಿದೆವು. ಓಟಿಪಿ ಬರಲು ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮಳೆಯಲ್ಲಿ ಛತ್ರಿ ಹಿಡಿದು ಗುಡ್ಡ ಹತ್ತಿದೆ. ಓಟಿಪಿ ಬಂತು. ಅದನ್ನು ಹಾಕಬೇಕಾದ ಕಂಪ್ಯೂಟರ್ ಕೆಳಗೆ ಮನೆಯಲ್ಲಿತ್ತು. ಮೂರು ಸಲ ಹತ್ತಿ ಇಳಿದೆ. ಈಗ ಒಂದು ಜಾಡಿಯೂ ಮಾರದ ತಿಂಗಳಲ್ಲೂ, ಏನೂ ಮಾರಿಲ್ಲ ಎಂದು ಸರ್ಕಾರಕ್ಕೆ ತಿಳಿಸಬೇಕು. ತಿಳಿಸಲು ಮರೆತರೆ ದಿನಕ್ಕೆ 20 ರೂಪಾಯಿ ದಂಡ. ಏನೂ ಮಾಡದೆ ಇರುವುದಕ್ಕೂ ಇಷ್ಟು ಕೆಲಸ ಇದೆ ಎಂದು ಗೊತ್ತಿರಲಿಲ್ಲ.

ಮೊದಲ ಆರ್ಡರ್ ಡೆಲ್ಲಿಯಿಂದಲೇ ಬಂತು. ಎರಡು ಕಟ್ಟು, ಅಂದರೆ 50 ಹಪ್ಪಳ, ಬೆಲೆ 240 ರೂಪಾಯಿ. ತೂಕ 400 ಗ್ರಾಂ. ಹಪ್ಪಳ ಮುರಿಯಬಾರದಲ್ವಾ, ದೊಡ್ಡ ಡಬ್ಬಿಯಲ್ಲಿ ಸುತ್ತಲೂ ಕಾಗದ ತುರುಕಿ ಕಳಿಸಿದೆವು. ಕೊರಿಯರ್‌ನವರ ಲೆಕ್ಕದಲ್ಲಿ ಅದು 2 ಕೆಜಿ ಆಗಿತ್ತು.

ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 30, 25, 12. ಬಂದದ್ದು 1.8 ಕೆಜಿ. ಅರ್ಧ ಅರ್ಧ ಕೆಜಿಯ ಮೆಟ್ಟಿಲು ಹತ್ತಿಸಿದರೆ 2. ಚಿಕ್ಕಮ್ಮನಿಗೆ ಇದನ್ನು ವಿವರಿಸುವುದು ನನ್ನ ಕೈಲಾಗಲಿಲ್ಲ. "ಮತ್ತೆ ಉಳಿದ ಒಂದು ಕೆಜಿ ಆರುನೂರು ಗ್ರಾಂ ಏನು?" "ಗಾಳಿ, ಚಿಕ್ಕಮ್ಮ." "ನಮ್ಮ ಗಾಳಿಯಾ, ಅವರ ಗಾಳಿಯಾ?" ಲಾರಿಯಲ್ಲಿ ಜಾಗ ಹಿಡಿಯುತ್ತದೆ, ಅದಕ್ಕೆ ಬಾಡಿಗೆ ಅಂದೆ. ಸರಿ, ಮುಂದಿನ ಸಲ ಡಬ್ಬಿ ಚಿಕ್ಕದು ಮಾಡಿದೆವು. ಗಾಳಿ ಕಡಿಮೆಯಾಯಿತು. ಹಪ್ಪಳ ಪುಡಿಯಾಯಿತು. ಒಂದು ಸ್ಟಾರ್ ಬಂತು.

ಹಣ ಬಂದದ್ದು ಗಿರಾಕಿ ಹಪ್ಪಳ ತಿಂದು ಎಷ್ಟೋ ದಿನದ ಮೇಲೆ. ಕಮಿಷನ್ 28.80. ಅದ್ಯಾವುದೋ ನಿಗದಿತ ಶುಲ್ಕ 25. ಸಾಗಣೆ, ಗಾಳಿಯೂ ಸೇರಿ, 92. ಈ ಮೂರರ ಮೇಲೂ 18 ಪರ್ಸೆಂಟ್ ಜಿಎಸ್‌ಟಿ, 26.24. ಡಬ್ಬಿ, ಟೇಪು, ಕಾಗದ 22. ಉಳಿದದ್ದು 46 ರೂಪಾಯಿ, ಅದಕ್ಕೂ ನಾಲ್ಕು ಪೈಸೆ ಕಡಿಮೆ. ಹಪ್ಪಳ ಒಂದಕ್ಕೆ ಒಂದು ರೂಪಾಯಿಯೂ ಬರಲಿಲ್ಲ. ಹಲಸಿನಕಾಯಿ, ಖಾರ, ಸೊಂಟನೋವು ಎಲ್ಲ ಅದರಲ್ಲೇ.

ಕಮಿಷನ್ ಮೇಲೆ ಕೊಟ್ಟ ಜಿಎಸ್‌ಟಿ ವಾಪಸ್ ಸಿಗುತ್ತದಲ್ಲ ಎಂದು ಊರಿನ ಆಡಿಟರ್ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು ಹೇಳಿದರು: "ನಿಮ್ಮ ಹಪ್ಪಳಕ್ಕೆ ತೆರಿಗೆ ಇಲ್ಲ. ಆದ್ದರಿಂದ ಅದನ್ನು ಮಾರಲು ಕಟ್ಟಿದ ತೆರಿಗೆ ವಾಪಸ್ ಇಲ್ಲ." ಅಂದರೆ ತೆರಿಗೆ ಇಲ್ಲದಿರುವುದಕ್ಕೆ ನಾವು ತೆರಿಗೆ ಕಟ್ಟುತ್ತಿದ್ದೇವೆ. ಕಾನೂನು ನೆಟ್ಟಗೇ ಇದೆಯಂತೆ. ಸೊಟ್ಟ ಇರುವುದು ಹಪ್ಪಳ ಮಾತ್ರ.

ವಾಪಸಾತಿಯ ಕಥೆ ಬೇರೆ. ದುಡ್ಡು ಆಮೇಲೆ ಕೊಡುತ್ತೇನೆ ಎಂದು ಆರ್ಡರ್ ಹಾಕಿದವರು, ಡಬ್ಬಿ ಬಾಗಿಲಿಗೆ ಬಂದಾಗ ಊರಲ್ಲೇ ಇರುವುದಿಲ್ಲ. ಡಬ್ಬಿ ಭಾರತ ದರ್ಶನ ಮುಗಿಸಿ ಸಾಗರಕ್ಕೆ ಮರಳುತ್ತದೆ. ಮಳೆಗಾಲದಲ್ಲಿ ಹಾಗೆ ಬಂದ ಹಪ್ಪಳವನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳಬಹುದು. ಇನ್ನೊಬ್ಬರು ವಾಪಸ್ ಕಳಿಸಿದರು. ಕಾರಣಗಳ ಪಟ್ಟಿಯಿಂದ ಆರಿಸಿದ್ದು: "ಅಳತೆ ಸರಿಹೊಂದಲಿಲ್ಲ." ಡಬ್ಬಿ ಬಿಚ್ಚಿದರೆ ಒಂದೂವರೆ ಕಟ್ಟು ಇತ್ತು. ಮೇಲೆ ಒಂದು ಹಪ್ಪಳ ಕರಿದದ್ದು. ಅರ್ಧ ಕಚ್ಚಿದ್ದರು. ನನಗೆ ಕೋಪಕ್ಕಿಂತ ಮೊದಲು ಬಂದದ್ದು ಅನುಮಾನ: ಇದೀಗ ಬಡಿಸಿದ ಹಪ್ಪಳ, ಇದಕ್ಕೆ ತೆರಿಗೆ ಬಿತ್ತೇ?

ದೂರು ಕೊಟ್ಟೆ. ನೀವು ಪೂರ್ತಿ ಕಳಿಸಿದ್ದಕ್ಕೆ ಸಾಕ್ಷಿ ಏನು ಎಂದು ಕೇಳಿದರು. ವಿಡಿಯೊ ಬೇಕಂತೆ. ಎಣಿಸುವುದು, ತುಂಬುವುದು, ಟೇಪು ಅಂಟಿಸುವುದು, ಎಲ್ಲ ಒಂದೇ ಓಟದಲ್ಲಿ, ಚೀಟಿ ಕಾಣುವಂತೆ. ವಾಪಸ್ ಬಂದದ್ದನ್ನು ಬಿಚ್ಚುವುದಕ್ಕೂ ವಿಡಿಯೊ. ಹಪ್ಪಳ ಕಚ್ಚಿದವರಿಂದ ಯಾರೂ ಏನೂ ಕೇಳಲಿಲ್ಲ. ಅಂದಿನಿಂದ ಚಿಕ್ಕಮ್ಮ ಒಳ್ಳೆ ಸೀರೆ ಉಟ್ಟು, ಹೂ ಮುಡಿದು, ಮೊಬೈಲ್ ಮುಂದೆ "ಒಂದು, ಎರಡು, ಮೂರು" ಎಂದು ಇಪ್ಪತ್ತೈದರವರೆಗೆ ಎಣಿಸುತ್ತಾಳೆ. ನಡುವೆ ಕೆಮ್ಮು ಬಂದರೆ ಮತ್ತೆ ಮೊದಲಿಂದ. ಅವಳ ಪ್ರಾಮಾಣಿಕತೆಯಿಂದ ನನ್ನ ಮೊಬೈಲ್ ಮೆಮೊರಿ ತುಂಬಿಹೋಗಿದೆ.

ಮೊದಲ ದೂರಿಗೆ ಟಿಕೆಟ್ ನಂಬರ್ ಕೊಟ್ಟಿದ್ದರು. ಮೂರು ದಿನಕ್ಕೆ "ನಿಮ್ಮ ಟಿಕೆಟ್ ಮುಕ್ತಾಯವಾಗಿದೆ, ನಮ್ಮ ಸೇವೆಗೆ ಎಷ್ಟು ಅಂಕ ಕೊಡುವಿರಿ?" ಎಂದು ಸಂದೇಶ ಬಂತು. "ಟಿಕೆಟ್ ಕೊಟ್ಟ ಮೇಲೆ ಬಸ್ಸಿಗಾದರೂ ಹತ್ತಿಸಬೇಕಲ್ವಾ?" ಅಂದಳು ಚಿಕ್ಕಮ್ಮ.

ಆ ಮಾತು ಆಡಿದ ಮೇಲೆ ಅವಳಿಗೇ ಏನೋ ಹೊಳೆಯಿತು. ಬೆಂಗಳೂರಲ್ಲಿರುವ ಮಗಳಿಗೆ ಫೋನ್ ಮಾಡಿದಳು. ಅವಳ ಅಪಾರ್ಟ್‌ಮೆಂಟಿನ ಹೆಂಗಸರಿಗೆ 30 ಕಟ್ಟು ಬೇಕಂತೆ. ಸಂಜೆ ನಾನೇ ಡಬ್ಬಿ ಹೊತ್ತು ರಾತ್ರಿ ಬಸ್ಸಿನ ಹತ್ತಿರ ಹೋದೆ. ಹಿಂದೆಯೇ ಚಿಕ್ಕಮ್ಮ. ಪರಿಚಯದ ಕಂಡಕ್ಟರ್ ಡಬ್ಬಿಯನ್ನು ಒಂದೇ ಕೈಯಲ್ಲಿ ಎತ್ತಿ, "ಏನಮ್ಮಾ, ಇಷ್ಟು ದೊಡ್ಡ ಡಬ್ಬಿ, ಒಂಚೂರೂ ಭಾರ ಇಲ್ವಲ್ಲ" ಅಂದರು.

ಚಿಕ್ಕಮ್ಮ ಗಾಬರಿಯಿಂದ ಸುತ್ತ ನೋಡಿ, "ಸ್ವಲ್ಪ ಮೆಲ್ಲಗೆ ಹೇಳಿ ಮಾರಾಯ್ರೆ" ಅಂದಳು.